ರಿವರ್ಸ್ ಗೇರಿನ ಸದ್ದು

ಹುಳಿಯಾರಿನ ಸುತ್ತ ಯಾರ ತೋಟದ ಪಂಪ್‌ಸೆಟ್ ಕೆಟ್ಟರೂ ಮೊದಲು ನೆನಪಾಗುವುದು ಮಹಮ್ಮದ್ ಇಸ್ಮಾಯಿಲ್ ಸಾಬರು. ಅವರ ಶೆಡ್ಡಿನ ಪಕ್ಕದಲ್ಲೇ ನನ್ನ ಬೀಜ, ಗೊಬ್ಬರದ ಅಂಗಡಿ. ಸಾಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಬೇರಿಂಗ್ ಹೋಗಿದೆಯೋ ವಾಲ್ವ್ ಹೋಗಿದೆಯೋ, ಬಿಚ್ಚದೆಯೇ ಹೇಳುತ್ತಿದ್ದರು. ಜನ ಅವರನ್ನು ಕರೆಯುವುದೇ ಕಿವಿ ಸಾಬರು ಎಂದು.

ಆ ಕಿವಿ ಈಗ ಹೋಗಿದೆ. ಊರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಒಂದು ವರ್ಷದಿಂದ ತಾವು ಕೇಳಿಯಾದ ಮೇಲೆ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಡುತ್ತಿದ್ದರು.

"ನೀನೂ ವಸಿ ಕೇಳು ರವೀಂದ್ರ, ಕಲ್ತ್ಕೊ."

ಐವತ್ತು ದಾಟಿದವನಿಗೆ ಇನ್ನೆಂಥ ಕಲಿಕೆ! ನಾನು ಕೇಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿರುತ್ತಿದ್ದರು. ನಾನು ಹುಬ್ಬು ಗಂಟಿಕ್ಕಿದರೆ ಎಂಜಿನ್ ಬಿಚ್ಚುತ್ತಿದ್ದರು, ನಕ್ಕರೆ ಕೊಟ್ಟು ಕಳಿಸುತ್ತಿದ್ದರು. ಈ ವಿಷಯವನ್ನು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ನಡೆಯುವಷ್ಟು ದಿನ ನಡೆಯಲಿ ಎಂದು ಸುಮ್ಮನಿದ್ದೆ. ನನ್ನದೇ ಹೆಡ್ಡತನ.

ಕಳೆದ ವಾರ ಗಂಗರಾಜು ಆಟೋದಲ್ಲಿ ದೋಣಿಯ ಎಂಜಿನ್ ಹೇರಿಕೊಂಡು ಬಂದ. ಬೋರನಕಣಿವೆ ಹಿನ್ನೀರಿನಲ್ಲಿ ಕೂಲಿ ಹೆಂಗಸರನ್ನು ಆಚೆ ದಡದ ತೋಟಗಳಿಗೆ ದಾಟಿಸುವವನು ಅವನು. ಗೇರ್ ಬೀಳುತ್ತಿರಲಿಲ್ಲ. ಸಾಬರು ಎರಡು ದಿನ ಕೂತು ಸರಿಮಾಡಿದರು.

"ಕೆರೆಗೆ ಇಳಿಸ್ದೆ ಗೇರ್ ಹೆಂಗ್ ನೋಡ್ತೀರಾ ಸಾಬ್ರೇ?" ಗಂಗರಾಜು ಕೇಳಿದ. ಸಾಬರು ಅವನ ತುಟಿಯನ್ನೇ ನೋಡುತ್ತಿದ್ದರು.

"ಎಂಜಿನ್ ನೀರಿಗೆ ಹೋಗ್ದಿದ್ರೆ ನೀರೇ ಎಂಜಿನ್‌ತಾವ ಬರ್ಬೇಕು ಕಣಪ್ಪ. ನೀರಿಲ್ದೆ ಓಡ್ಸಿದ್ರೆ ಒಳಗಿನ ಪಂಪು ಸುಟ್ಟೋಯ್ತದೆ."

ಮೊದಲು ಪ್ಲಗ್ಗಿನ ವೈರ್ ಕಿತ್ತು, ಗೇರ್ ಬದಲಿಸುತ್ತ ಕೈಯಲ್ಲೇ ತಿರುಗಿಸಿ ನೋಡಿದರು. ನೀರು ತಳ್ಳುವ ರೆಕ್ಕೆಯನ್ನು ಬಿಚ್ಚಿ ದೂರ ಇಟ್ಟರು. ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಎಂಜಿನ್ನಿನ ಕೆಳಗಿನ ಉದ್ದ ಕಾಲನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿದರು. ಎಳೆದರೆ ಎಂಜಿನ್ ನಿಲ್ಲುವ ದಾರವನ್ನು ಮುಂಗೈಗೆ ಸುತ್ತಿಕೊಂಡು, ನಮ್ಮನ್ನೆಲ್ಲ ಹಿಂದೆ ಸರಿಸಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿದರು. ಪಕ್ಕದ ತೂತಿನಿಂದ ನೀರು ಚಿಮ್ಮಿತು. ನಿಧಾನಕ್ಕೆ ಮುಂದಕ್ಕೆ ಓಡಿಸುವ ಗೇರ್, ನ್ಯೂಟ್ರಲ್, ಹಿಂದಕ್ಕೆ ಓಡಿಸುವ ರಿವರ್ಸ್. ಆ ಕೈಗಳಲ್ಲಿ ಒಂದು ತಪ್ಪೂ ಇರಲಿಲ್ಲ.

ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದರು. "ಜಮ್ ಅಂತ ಕೂತದೆ" ಎಂದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

ಅವರು ಮತ್ತೆ ಗೇರ್ ಬದಲಿಸಿದರು. ಮುಂದಕ್ಕೆ ಓಡಿಸುವ ಗೇರ್ ಚೆನ್ನಾಗಿತ್ತು. ರಿವರ್ಸ್‌ನಲ್ಲಿ ಕಟ್, ಕಟ್, ಕಟ್. ಗೇರಿನ ಹಲ್ಲು ಜಾರುತ್ತಿತ್ತು; ದಡಕ್ಕೆ ಬರುವ ದೋಣಿಯನ್ನು ತಡೆಯುವುದೇ ಈ ಗೇರ್. ದೂರ ನಿಂತ ಗಂಗರಾಜುವಿಗೆ ಅದು ಕೇಳುವ ಹಾಗಿರಲಿಲ್ಲ.

"ಆಯ್ತಲ್ಲ ಸಾಬ್ರೇ? ಬೆಳಗ್ಗೆ ಹದಿನಾಲ್ಕ್ ಜನ ಅವ್ರೆ" ಎಂದು ಕೂಗಿದ.

ಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು. ಅಂಗಡಿ ಇಟ್ಟವನು ನಾನು, ಸುಳ್ಳು ನನಗೆ ಹೊಸದಲ್ಲ. ಆದರೆ ಹದಿನಾಲ್ಕು ಹೆಂಗಸರು. ಚೆನ್ನಾಗಿಲ್ಲ ಎಂದು ತಲೆ ಅಲ್ಲಾಡಿಸಿದೆ.

ದಾರ ಎಳೆದರು. ಎಂಜಿನ್ ನಿಂತಿತು.

"ಈಗ್ತಾನೆ ಜಮ್ ಅಂತ ಕೂತದೆ ಅಂದ್ರಲ್ಲ?" ಗಂಗರಾಜು ನಮ್ಮಿಬ್ಬರ ಮುಖ ನೋಡಿದ.

ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಸಾಬರು ಹೇಳಲಿಲ್ಲ.

"ನಂಗೆ ಕಿವಿ ಕೇಳ್ಸಲ್ಲ ಕಣಪ್ಪ. ಒಂದ್ ವರ್ಸ ಆಯ್ತು. ಇದ್ನ ಬ್ಯಾರೆ ಕಡೆ ತಗೊಂಡೋಗು. ಇನ್ಮ್ಯಾಕೆ ನಂತಾವ ಏನೂ ತರ್ಬೇಡ."

ಗುಟ್ಟು ಹೇಳುವವರ ಹಾಗೆ ಅವನ ಹತ್ತಿರ ಬಗ್ಗಿಯೇ ಹೇಳಿದರು. ತಮ್ಮ ದನಿ ಎಷ್ಟು ಜೋರಿದೆ ಎಂದು ಅವರಿಗೆ ತಿಳಿಯಲಿಲ್ಲ. ಎದುರಿಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.