ದೃಷ್ಟಿದೋಷದ ಕಂಪ್ಯೂಟರು

ಮಾದಿಹಳ್ಳಿಯ ಸುತ್ತಮುತ್ತ ಹಸು ಹಾಲು ಕೊಡದಿದ್ದರೂ, ಮದುಮಗಳು ಊಟ ಬಿಟ್ಟರೂ ಜನ ಓಡಿಬರುವುದು ಮುದ್ದಮ್ಮನ ಜಗಲಿಗೆ. ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯುವುದರಲ್ಲಿ ಆಕೆ ಚಕ್ರವರ್ತಿನಿ. ಅಂಥ ಸಾಮ್ರಾಜ್ಯದ ಮೇಲೆ ಒಂದು ಸೋಮವಾರ ಆಟೊದ ಮೈಕು ದಂಡೆತ್ತಿ ಬಂತು: "ಹಳೇಬೀಡಿನಲ್ಲಿ ಶಿಬಿರ! ನಿಮ್ಮ ದೃಷ್ಟಿದೋಷವನ್ನು ಕಂಪ್ಯೂಟರೇ ಪತ್ತೆ ಹಚ್ಚುತ್ತದೆ! ಉಚಿತ!"

"ಪುಗಸಟ್ಟೆಯಂತೆ! ನನ್ ಹೊಟ್ಟೆ ಮೇಲೆ ಹೊಡೆಯೋಕೆ ಬಂದವ್ರೆ!" ಎಂದು ಸೆರಗು ಬಿಗಿದು ಮುದ್ದಮ್ಮ ಬಸ್ಸು ಹತ್ತಿದಳು.

ಶಿಬಿರದ ನರ್ಸ್ ಮಾಲಿನಿ ಆಕೆಯನ್ನೂ ರೋಗಿಯೆಂದುಕೊಂಡು ಯಂತ್ರದ ಮುಂದೆ ಕೂರಿಸಿ ಗದ್ದ ಇಡಿಸಿದಳು. ಮುದ್ದಮ್ಮ ಶತ್ರುವನ್ನು ದುರುಗುಟ್ಟಿ ನೋಡಿದಳು. ಯಂತ್ರ ಫಳ್ಳೆಂದು ಮಿಂಚಿ ಕಣ್ಣಿನ ಒಳಗನ್ನೇ ಫೋಟೊ ಹಿಡಿಯಿತು. ಲಕ್ಷಾಂತರ ಕಣ್ಣುಗಳ ಚಿತ್ರ ನೋಡಿ ನೋಡಿ ಪಳಗಿದ್ದ ಕಂಪ್ಯೂಟರು ಚಿಟಿಕೆ ಹೊಡೆಯುವಷ್ಟರಲ್ಲಿ ಕೆಂಪು ಗುರುತು ತೋರಿಸಿತು.

"ಅಜ್ಜಿ, ದೋಷ ಇದೆ," ಎಂದಳು ಮಾಲಿನಿ.

"ಯಾರ ಕಣ್ಣೇ ಬಿದ್ದಿರೋದು? ಹೆಸರು ಹೇಳ್ಸು ನೋಡುವ!"

"ಯಾರ್ದೂ ಅಲ್ಲ ಕಣಜ್ಜಿ, ಸಕ್ಕರೆ ಕಾಯಿಲೇದು. ಕಣ್ಣೊಳಗೆ ರಕ್ತ ಸೋರ್ತಿದೆ. ಹೀಗೇ ಬಿಟ್ರೆ ಕುರುಡಾಗ್ತೀರಿ."

ಮುದ್ದಮ್ಮ ಯಂತ್ರದಿಂದ ಗದ್ದ ತೆಗೆದು ಕಣ್ಣುಜ್ಜಿಕೊಂಡಳು. ಈಚೆಗೆ ದೀಪ ಮಬ್ಬಾಗಿ ಕಾಣುತ್ತಿದ್ದುದಕ್ಕೆ ಆಕೆ ಎದುರುಮನೆಯವಳನ್ನು ಶಪಿಸುತ್ತ ಬಂದಿದ್ದಳು.

"ಹಂಗಾರೆ ತೆಗೀಲಿ ನಿನ್ ಕಂಪ್ಯೂಟರು."

"ಅದು ಕಂಡುಹಿಡಿಯೋದಷ್ಟೇ ಅಜ್ಜಿ, ತೆಗೆಯೋಕೆ ಬರಲ್ಲ. ಅದಕ್ಕೆ ಹಾಸನದ ಡಾಕ್ಟ್ರೇ ಬೇಕು."

ಮುದ್ದಮ್ಮನ ಮುಖ ಅರಳಿತು. "ತೆಗೆಯೋಕೆ ಬರಲ್ವಾ? ಅಯ್ಯೋ, ಅರ್ಧ ವಿದ್ಯೆ!" ಎಂದು ಮರುಕದಿಂದ ಯಂತ್ರದ ನೆತ್ತಿ ಸವರಿ, ಹಾಸನದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. "ಡಾಕ್ಟ್ರತ್ರ ಹೋಗೋಕೇನು ನಾಚಿಕೆ? ತೆಗೆಯೋರಂದ್ರೆ ನಮ್ ಪೈಕೀನೇ ಕಣವ್ವ."