ಬೆಕ್ಕಿಗೆ ಮೂರು ಪುಟ, ಹುಡುಗಿಗೆ ನಾಲ್ಕು ಸಾಲು

ನನ್ನ ಕಿಸೆ ಡೈರಿಯಲ್ಲಿ ಒಂದು ಬೆಕ್ಕು ಮತ್ತು ಒಬ್ಬ ಹುಡುಗಿ ಅಕ್ಕಪಕ್ಕದಲ್ಲಿದ್ದಾರೆ. ಬೆಕ್ಕಿಗೆ ಮೂರು ಪುಟ. ಹುಡುಗಿಗೆ ನಾಲ್ಕು ಸಾಲು.

ನಗಬೇಡಿ. ನಾನೂ ಮೊದಲು ನಕ್ಕೆ. ಈಗ ಆ ಡೈರಿ ಮುಟ್ಟಲು ನಾಚಿಕೆಯಾಗುತ್ತಿದೆ.

ಹೋದ ವಾರವೇ ಈ ಅಂಕಣದಲ್ಲಿ ನಿಮಗೆ ಮಾತು ಕೊಟ್ಟಿದ್ದೆನಲ್ಲ, ನಮ್ಮ ಇಂಡಿ ಊರಿಗೆ ಪರ್ಶಿಯನ್ ಬೆಕ್ಕು ಬಂದಿದೆ, ಅದರ ವೃತ್ತಾಂತ ಬರೆಯುತ್ತೇನೆ ಎಂದು? ಬರೆಯುತ್ತೇನೆ. ಮುಂಬಯಿಯಲ್ಲಿ ಮೂವತ್ತು ವರ್ಷ ಇದ್ದು ಬಂದ ಕಾಕೂ ನಮ್ಮ ಓಣಿಯಲ್ಲಿ ಮನೆ ಮಾಡಿದ್ದಾರೆ. ಮಡಿ-ಮೈಲಿಗೆಯ ಹೆಣ್ಣುಮಗಳು. ಈರುಳ್ಳಿ ಕೂಡ ಮುಟ್ಟುವುದಿಲ್ಲ. ಆದರೆ ಬೆಕ್ಕಿನ ಹೆಸರು ಬೇಗಂ! ಓಣಿಯ ಅರ್ಧ ಜನ ಅದನ್ನು ನೋಡಿ ಬಂದಿದ್ದರು. ಪೇಪರಿಗೆ ಬರೆಯುವವನು ನೋಡದಿದ್ದರೆ ಹೇಗೆ? ಡೈರಿ ಹಿಡಿದುಕೊಂಡು ಹೋದೆ.

ಬೇಗಂ ಕಿಟಕಿಯಲ್ಲಿ ಕೂತಿದ್ದಳು. (ಇಂಥ ಬೆಕ್ಕಿಗೆ 'ಅದು' ಅನ್ನಲು ನಾಲಿಗೆ ಹೊರಳುವುದಿಲ್ಲ.) ಮೈತುಂಬ ಬೆಳ್ಳನೆಯ ಕೂದಲು. ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ. ನಾನು ಹಿಂದಿನಿಂದ ಹೋಗಿ, ಈ ಕೂದಲು ನಿಜವೋ ಏನೋ ಎಂದು ಒಂದು ಎಳೆ ಜಗ್ಗಿದೆ. ಕಾಕೂ ನನ್ನ ಕೈಗೆ ಫಟ್ ಎಂದು ಹೊಡೆದರು.

"ಜಗ್ಗಬ್ಯಾಡ್ರಿ ಮಾಸ್ತರ! ಮೊದಲ ಕೈ ಮೂಸಲಿಕ್ಕೆ ಕೊಡ್ರಿ. ಅಕಿ ಹ್ಞೂಂ ಅಂದ್ರ ಮುಟ್ರಿ. ಇಲ್ಲಂದ್ರ ಸುಮ್ಮ ಕೂಡ್ರಿ."

"ಬೆಕ್ಕು ಹ್ಞೂಂ ಅಂದದ್ದು ಹೆಂಗ ಗೊತ್ತಾಗಬೇಕ್ರಿ ಕಾಕೂ?"

"ತಾನಾಗೇ ಬಂದು ತಲಿ ತಿಕ್ತದ. ಅಲ್ಲೀತನಕ ದಮ್ಮ ಹಿಡೀರಿ."

ಹಿಡಿದೆ. ಒಂದು ತಾಸು ಕೂತೆ. ಕೊನೆಗೆ ಬೇಗಂ ಇಳಿದು ಬಂದು ನನ್ನ ಮೊಣಕೈಗೆ ತಲೆ ತಿಕ್ಕಿದಳು. ನನಗೆ ಮೈಸೂರು ಪೇಟ ತೊಡಿಸಿದಷ್ಟು ಖುಷಿಯಾಯಿತು.

ಆ ಒಂದು ತಾಸಿನಲ್ಲಿ ಬರೆದದ್ದು ಆ ಮೂರು ಪುಟ. ಮೊದಲ ಪುಟದಲ್ಲಿ ರೂಪ. ದುಂಡು ಮುಖ. ಮೂಗು ಚಪ್ಪಟೆ. ಕಣ್ಣು ದೊಡ್ಡವು. ಕಾಲು ಗಿಡ್ಡ. ಕೂದಲು ಬಹಳ ಉದ್ದ, ದಿನಾ ಬಾಚಬೇಕು. ದನಿ ಸಣ್ಣದು. ಮನೆ ಬಿಟ್ಟು ಹೊರಗೆ ಹೋಗುವ ಚಾಳಿ ಇಲ್ಲ.

ಎರಡನೇ ಪುಟ ಬಾಲದಿಂದ ಶುರು. ನರಿಯ ಬಾಲದಷ್ಟು ದಪ್ಪ. ಆಮೇಲೆ ಮೂಲ. ಈ ಜಾತಿಯ ಹಿರಿಯರು ಪರ್ಶಿಯಾದವರಂತೆ. ಸಾಮಾನಿನ ಗಂಟುಗಳ ಜೊತೆ ವ್ಯಾಪಾರಿಗಳು ಪಶ್ಚಿಮಕ್ಕೆ ಒಯ್ದರಂತೆ. (ಪರ್ಶಿಯಾದಿಂದ ನಮ್ಮ ಕಡೆ ಏನೇನು ಬಂದಿಲ್ಲ? ಜಮೀನು, ದಫ್ತರ, ತಕರಾರು, ಎಲ್ಲ ಅಲ್ಲಿಂದ ಬಂದ ಮಾತೇ. ಬೆಕ್ಕೊಂದು ಬಾಕಿ ಇತ್ತು.) ಪಶ್ಚಿಮದಲ್ಲಿ ದೊರೆಸಾನಿಯರು ಆರಿಸಿ ಆರಿಸಿ ಸಾಕಿದರು. ಉದ್ದ ಕೂದಲಿನದನ್ನು ಇಟ್ಟುಕೊಂಡರು, ಮೆತ್ತಗಿನದನ್ನು ಇಟ್ಟುಕೊಂಡರು, ಜಿಗಿದಾಡುವುದನ್ನು ಬಿಟ್ಟರು. ಕೊನೆಗೆ ಉಳಿದದ್ದು ಇದು, ಇಟ್ಟಲ್ಲಿ ಇರುವ ಬೆಕ್ಕು.

ಮೂರನೇ ಪುಟ ಪೂರ್ತಿ ಸ್ವಭಾವ. ಹಿಂದಿನಿಂದ ಮುಟ್ಟಿದರೆ ಸೇರುವುದಿಲ್ಲ. ಬಿಸಿ ಹಾಲು ಒಲ್ಲದು. ಗುಬ್ಬಿ ನೋಡುತ್ತ ಕೂಡುವುದೆಂದರೆ ಪ್ರಾಣ. ಸಂಜೆ ಹೊತ್ತು ಯಾರೂ ಮಾತಾಡಿಸಬಾರದು. ಇದಕ್ಕೆ ಏನು ಇಷ್ಟ, ಏನು ಕಷ್ಟ ಎಂದು ಕಾಕೂ ಅವರನ್ನು ಕೇಳಿ ಕೇಳಿ ಬರೆದುಕೊಂಡೆ.

ಅದಾದ ಮುಂದಿನ ರವಿವಾರ ಕನ್ಯೆ ನೋಡಲು ಬಸವನ ಬಾಗೇವಾಡಿಗೆ ಹೋದೆವು. ಕನ್ಯೆ ನನ್ನ ತಮ್ಮ ವಸಂತನಿಗೆ. ಅವನು ಸಿಂದಗಿಯಲ್ಲಿ ಸರಕಾರಿ ಆಫೀಸಿನಲ್ಲಿ ಕ್ಲಾರ್ಕ್. ನಾನು, ಅವನು, ಹೊರ್ತಿ ಊರಿಗೆ ಕೊಟ್ಟ ನಮ್ಮಕ್ಕ, ಮೂವರು ಹೋದದ್ದು. ಹುಡುಗಿಯ ಹೆಸರು ಮಂದಾಕಿನಿ. ಮೂರು ವರ್ಷದಿಂದ ಕನ್ನಡ ಶಾಲೆಯಲ್ಲಿ ಅಕ್ಕೋರು.

ಶಿರಾ ಬಂತು, ಉಪ್ಪಿಟ್ಟು ಬಂತು, ಹಿಂದಿನಿಂದ ಹುಡುಗಿ ಚಹಾ ತಂದಳು. ಅಕ್ಕ ಅಡಿಗಿ ಬರತೈತೇನವಾ ಎಂದಳು. ಬರತೈತ್ರಿ. ನಾಕ ಹೆಜ್ಜಿ ನಡದು ತೋರ್ಸು. ನಡೆದಳು. ಆಮೇಲೆ ಅಕ್ಕ ಆಕೆಯ ಹಿಂದೆ ಹೋಗಿ ಕೂತು, ಜಡೆ ಬಿಚ್ಚಿಸಿ, ಚೌರಿ ಗೀರಿ ಸೇರಿಸಿದ್ದಾರೋ ಎಂದು ಬುಡದಿಂದ ಒಮ್ಮೆ ಜಗ್ಗಿದಳು. ಹುಡುಗಿಯ ತಲೆ ಹಿಂದಕ್ಕೆ ವಾಲಿತು. ಅಕ್ಕನ ಕೈಗೆ ಯಾರೂ ಹೊಡೆಯಲಿಲ್ಲ.

ನಾನು ಮಾತ್ರ ಸುಧಾರಕ. ನಡಿಗೆ ಕೇಳಲಿಲ್ಲ, ಹಾಡು ಕೇಳಲಿಲ್ಲ. ಡೈರಿಯ ಖಾಲಿ ಪುಟ ತೆರೆದು, "ನಿನ್ನ ಹೆಸರ ಬರಿಯವಾ, ಅಕ್ಷರ ನೋಡೂಣು" ಎಂದೆ. ಊರ ಮಕ್ಕಳಿಗೆ ಅಕ್ಷರ ಕಲಿಸುವವಳಿಗೆ! ಆಕೆ ನನ್ನ ಮುಖ ನೋಡಿದಳು. ಬರೆದುಕೊಟ್ಟಳು. ನನ್ನ ಅಕ್ಷರಕ್ಕಿಂತ ಚೆಂದ.

ನಡುವೆ ವಸಂತ, "ನಿಮಗ..." ಎಂದು ಬಾಯಿ ತೆರೆದ. ನಾನು ಅವನ ಮೊಣಕಾಲು ಒತ್ತಿದೆ. ಹಿರಿಯರ ಮಾತಿನ ನಡುವೆ ಹುಡುಗರದ್ದೇನು?

ಹುಡುಗಿ ಒಳಗೆ ಹೋದಳು. ಆಕೆಯ ಹೆಸರಿನ ಕೆಳಗೆ ನಾನು ನಾಲ್ಕು ಸಾಲು ಗೀಚಿದೆ. ಮನೆತನ: ಚಲೋ. ಬಣ್ಣ: ಗೋಧಿ. ಕೂದಲು: ಸೊಂಟದ ಕೆಳಗೆ, ಸ್ವಂತದ್ದು. ಸ್ವಭಾವ: ಶಾಂತ.

ಎಲೆ ಅಡಿಕೆ ಹಾಕಿಕೊಂಡು, ಡೈರಿಯನ್ನು ಗಾದಿಯ ಮೇಲೆ ಮರೆತು, ಬಸ್‌ಸ್ಟ್ಯಾಂಡಿಗೆ ಬಂದೆವು.

ಸಿಂದಗಿ ಬಸ್ಸು ಎಂದು ಸಮಯಕ್ಕೆ ಬಂದಿದೆ? ಕಾಯುತ್ತ ಕೂತಿದ್ದೆವು. ಅಷ್ಟರಲ್ಲಿ ಹುಡುಗಿಯ ತಂದೆ ಏದುಸಿರು ಬಿಡುತ್ತ ಬಂದರು. ಹಿಂದೆಯೇ ಹುಡುಗಿ. ಡೈರಿ ಆಕೆಯ ಕೈಯಲ್ಲಿತ್ತು.

"ಯಾರದು ಅಂತ ತಗದು ನೋಡೇನ್ರಿ. ತಪ್ಪಾತು" ಎಂದಳು. "ಮೊದಲನೇ ಪುಟ ಓದಿ ನಂದ ಐತಿ ಅಂದ್ಕೊಂಡ್ನಿ. ಕನ್ನಡಿ ಮುಂದ ನಿಂತು ಮೂಗು ನೋಡ್ಕೊಂಡ್ನಿ. ಎರಡನೇ ಪುಟಕ್ಕ ಬಾಲ ಬಂತ್ರಿ."

ಅಕ್ಕ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಹುಡುಗಿ ನಗಲಿಲ್ಲ. ವಸಂತನೂ ನಗಲಿಲ್ಲ.

"ಬೆಕ್ಕಿಂದು ಅಂತ ಗೊತ್ತಾದ ಮ್ಯಾಲ ಸಮಾಧಾನ ಆಗಬೇಕಿತ್ತು" ಎಂದಳು. "ಆಗಲಿಲ್ಲರಿ. ಅದಕ್ಕ ಏನ ಸೇರತೈತಿ, ಏನ ಸೇರೂದಿಲ್ಲ, ಒಂದು ಪುಟ ಬರದೀರಿ. ಹಿಂದಿಂದ ಮುಟ್ಟಬಾರದು ಅಂತ ಸೈತ ಬರದೀರಿ. ನನಗ ಶಾಂತ ಅಂತ ಒಂದ ಮಾತು. ನಾ ಶಾಂತ ಇಲ್ರಿ ಸರ. ಮಾತಾಡಾಕ ಯಾರೂ ಬಿಡಲಿಲ್ಲ, ಅಷ್ಟ."

"ಮಂದಾ, ಸಾಕು ಸುಮ್ನಿರ" ಎಂದು ತಂದೆ ನನ್ನ ಮುಂದೆ ಕೈ ಮುಗಿದರು. ನಾನು ತಪ್ಪು ಮಾಡಿ ಅವರು ಕೈ ಮುಗಿದರು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದ ಬಾಯಿ ನನ್ನದು. ಆದರೂ ತೊದಲಿದೆ: "ಈಗ ಕೇಳ್ತೇನಿ ತಂಗಿ. ನಿನಗೇನ ಸೇರತೈತಿ?"

ಆಕೆ ನನ್ನ ಹಿಂದೆ ನೋಡಿ ಹೇಳಿದಳು: "ಬಸ್ ಬಂತ್ರಿ."

ಬಂದಿತ್ತು. ಹತ್ತಿದೆವು. ಸಿಂದಗಿ ತನಕ ವಸಂತ ಕಿಟಕಿಯ ಹೊರಗೆ ನೋಡುತ್ತ ಕೂತ. ಇಳಿಯುವಾಗ ಮಾತ್ರ ಹೇಳಿದ: "ಅಣ್ಣಾ, ನನಗ ಆಕಿ ಮನಸಿಗೆ ಬಂದಿದ್ಲು. ನಿಮಗ ಸಿಂದಗಿಗೆ ಬರೂದು ಒಪ್ಪಿಗೆ ಐತೇನು, ನೌಕರಿ ಮುಂದುವರಸ್ತೀರೇನು ಅಂತ ಕೇಳಾವಿದ್ದೆ. ನೀ ಮೊಣಕಾಲ ಒತ್ತಿದಿ."

ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು? ನೀವೂ ಎಷ್ಟು ಸಲ ಮೆಚ್ಚಿ ಕಾರ್ಡು ಹಾಕಿಲ್ಲ? ಆ ಕಾರ್ಡುಗಳನ್ನೆಲ್ಲ ವಾಪಸು ಕೊಡಬೇಕು ಅನ್ನಿಸುತ್ತಿದೆ. ಬರೆಯುವ ಕೈ ಬೇರೆ, ಮೊಣಕಾಲು ಒತ್ತುವ ಕೈ ಬೇರೆ ಎಂದುಕೊಂಡಿದ್ದೆ. ಎರಡೂ ಒಂದೇ ಕೈ.

ಗುರುವಾರ ಬಾಗೇವಾಡಿಯಿಂದ ಕಾರ್ಡು ಬಂತು. ಹುಡುಗಿಯ ತಂದೆ ಬರೆದದ್ದು. "ಮಗಳು ಒಪ್ಪಲಿಲ್ಲ, ತಪ್ಪು ತಿಳಿಯಬಾರದು. ಹುಡುಗನ ಬಗ್ಗೆ ಆಕೆಯದೇನೂ ತಕರಾರಿಲ್ಲ. ಕೇಳುವ ಪದ್ಧತಿ ಇಲ್ಲದ ಮನೆಗೆ ಹೋಗಲಾರೆ ಎನ್ನುತ್ತಾಳೆ." ಇಷ್ಟೇ.

ತಮ್ಮನಿಗೆ ತಿಳಿಸಬೇಕು. ಇನ್‌ಲ್ಯಾಂಡ್ ಲೆಟರ್ ತಂದಿಟ್ಟು ಎರಡು ದಿನವಾಯಿತು. 'ಚಿರಂಜೀವಿ ವಸಂತನಿಗೆ' ಎನ್ನುವುದರ ಮುಂದೆ ಪೆನ್ನು ಓಡುತ್ತಿಲ್ಲ. ಅವನ ಬಾಳಿನ ಒಂದು ಒಳ್ಳೆಯ ಮಾತನ್ನು ನಾನು ಅಂಗೈಯಿಂದ ಒತ್ತಿ ಮುರಿದೆ. ಇದನ್ನು ಯಾವ ಒಕ್ಕಣೆಯಲ್ಲಿ ಬರೆಯುವುದು?

ಕಾರ್ಡನ್ನು ಹೆಂಡತಿಗೆ ತೋರಿಸಿದೆ. ಆಕೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಓದಿದಳು.

"ಚಲೋ ಆತು" ಎಂದಳು.

"ಏನ ಚಲೋ ಆತು? ಹುಡುಗಗ ತಿಳದ್ರ ಮಾರಿ ಸಣ್ಣ ಮಾಡ್ಕೊಂಡು ಕುಂದರ್ತಾನ."

"ಅದಕ್ಕ ನನಗೂ ಕೆಟ್ಟ ಅನಸ್ತೈತ್ರಿ. ಆದ್ರ ಒಬ್ಬಾಕಿ ಆದ್ರೂ ಒಲ್ಲೆ ಅಂದ್ಲಲ್ಲ" ಎಂದು ಕಾರ್ಡನ್ನು ನನ್ನ ಕೈಗಿಟ್ಟು, ರೊಟ್ಟಿ ಬಡಿಯಲು ಹೋದಳು.

ಮುದ್ದೇಬಿಹಾಳದಲ್ಲಿ ಈಕೆಯನ್ನು ನೋಡಲು ಹೋದ ದಿನ ನೆನಪಾಯಿತು. ಆವತ್ತೂ ಶಿರಾ ಇತ್ತು. ಆವತ್ತೂ ನಮ್ಮಕ್ಕ ಜಡೆ ಜಗ್ಗಿದ್ದಳು. ನಾನು ಮೆಚ್ಚಿ ತಲೆ ಅಲ್ಲಾಡಿಸಿದ್ದೆ. ಎಲ್ಲರೂ ಸಕ್ಕರೆ ಹಂಚಿದರು.

ಬೆಕ್ಕು ಹ್ಞೂಂ ಅನ್ನಲಿ ಎಂದು ಒಂದು ತಾಸು ಕಾದವನು ನಾನು. ಆವತ್ತು ಈಕೆ ಹ್ಞೂಂ ಅಂದಿದ್ದಳೇ? ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಕೇಳಿಲ್ಲ.