ಬಾರದ ಮೃದಂಗಕ್ಕೆ ಭಲೇ ಭಲೇ

ಹಲಸೂರಿನ ರಾಮನವಮಿ ಪೆಂಡಾಲಿನಲ್ಲಿ ಗಾಯಕರು ಮೊದಲ ವರ್ಣ ಮುಗಿಸುತ್ತಿದ್ದಂತೆ, ಪಕ್ಕದ ಕುರ್ಚಿಯ ಯುವಕ ಎದ್ದು ಚಪ್ಪಲಿ ಹುಡುಕತೊಡಗಿದ. ಇಂಟರ್ನೆಟ್ಟಿನಲ್ಲಿ ಆ ಗಾಯಕರ ಅಭಿಮಾನಿ ಬಳಗ ನಡೆಸುವ ಮಹಾನುಭಾವ ತಾನೇ ಎಂದು ಆಗಷ್ಟೇ ಪರಿಚಯ ಹೇಳಿಕೊಂಡಿದ್ದ.

"ಇಷ್ಟು ಬೇಗ ಹೊರಟ್ರಾ? ಮೃದಂಗದವರು ಇನ್ನೂ ಬಂದೇ ಇಲ್ವಲ್ರೀ," ಎಂದೆ.

"ದಾರೀಲಿದಾರೆ ಅಂತ ಮೈಕಲ್ಲಿ ಹೇಳಿದ್ರಲ್ಲ ಸಾರ್, ಬರ್ತಾರೆ. ಎದುರಿಗೇ ಸೈಬರ್ ಕೆಫೆ ಇದೆ, ವಿಮರ್ಶೆ ಹಾಕ್ಬಿಡ್ತೀನಿ. ಲೇಟಾದ್ರೆ ಬೇರೆ ಯಾರಾದ್ರೂ ಹಾಕ್ಬಿಡ್ತಾರೆ!" ಎಂದು ಓಡಿದ.

ಕೂತು ಕೇಳುವ ಕಷ್ಟವೆಲ್ಲ ನಮ್ಮಂಥ ಹಳಬರಿಗೇ ಇರಲಿ, ಪಾಪ. ಮೃದಂಗ ವಿದ್ವಾಂಸರು ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಕಚೇರಿ ಬರೀ ಘಟದ ಜೊತೆಯಲ್ಲೇ ಮುಗಿಯಿತು.

ಮರುದಿನ ಮಗಳು ಬಳಗದ ಪುಟ ತೆರೆದು ತೋರಿಸಿದಳು. 'ತನಿ ಆವರ್ತನದಲ್ಲಿ ಮೃದಂಗದ ನಾದಕ್ಕೆ ಪೆಂಡಾಲೇ ನಡುಗಿತು' ಎಂದು ಅವನು ಬರೆದಿದ್ದ. ಕೆಳಗೆ ಅಭಿಮಾನಿಗಳು ಸಾಲುಸಾಲಾಗಿ ಒಂದೇ 'ಭಲೇ ಭಲೇ'ಯನ್ನು ಕಾಪಿ ಮಾಡಿ ಅಂಟಿಸಿದ್ದರು. ಅದಕ್ಕೇನು, ಕಿವಿ ಬೇಕಿಲ್ಲ, ಬೆರಳಿದ್ದರೆ ಸಾಕು.

ಇದು ಸುಳ್ಳೆಂದು ಮಗಳಿಂದ ಬರೆಸಲು ಹೊರಟೆ. ಅಷ್ಟರಲ್ಲಿ ಕೊನೆಯ ಸಾಲು ಕಣ್ಣಿಗೆ ಬಿತ್ತು: 'ನಿಮ್ಮ ಅಭಿಮಾನಕ್ಕೆ ನಾನು ಚಿರಋಣಿ.' ಬರೆದವರು ಆ ಮೃದಂಗ ವಿದ್ವಾಂಸರೇ.